ನೆಲದಿಂದ ನಲವತ್ತಾರು ಸೆಂಟಿಮೀಟರ್

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ದುಡಿಮೆಭಂಗಿ ಸುಧಾರಣಾ ಪ್ರಾಧಿಕಾರದ ಮುಖ್ಯ ತರಬೇತುದಾರರಾದ ಶ್ರೀಮತಿ ಚೌಡೇಶ್ವರಿಯವರು ಮೊಳಕಾಲ್ಮುರಿನಲ್ಲಿ ಹಾಜರಿದ್ದರು. ಹಾಜರಿ ಪುಸ್ತಕದಲ್ಲಿ ಹಾಗೆಂದೇ ನಮೂದಾಗಿದೆ. ಅದೇ ಹೊತ್ತಿನಲ್ಲಿ ಅವರ ದೇಹ ಮಾತ್ರ ಚಳ್ಳಕೆರೆಯಾಚೆ ವರವು ಕಾವಲೆಂಬ ಹುಲ್ಲುಗಾವಲಿನ ತಂತಿಬೇಲಿಯ ಪಕ್ಕ, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈ ಸೊಂಟದ ಮೇಲೆ ಇಟ್ಟುಕೊಂಡು, ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳನ್ನು ದಾರಿ ಕೇಳುತ್ತಿತ್ತು.

"ಮೊಳಕಾಲ್ಮುರು ಇನ್ನೆಷ್ಟು ದೂರಮ್ಮ?"

"ನೀವು ಹಿಂಗೇ ಮುಂದಕ್ಕೆ ಹೋದ್ರೆ ಭೂಮಿ ಒಂದು ಸುತ್ತು ಹಾಕ್ಕೊಂಡು ಬರಬೇಕಾಗ್ತೈತೆ. ಚಳ್ಳಕೆರೇಲಿ ತಪ್ಪು ಬಸ್ ಹತ್ತೀರಿ. ನಾನೂ ಅಲ್ಲಿಗೇ ಹೋಗೋದು, ಬರ್ರಿ."

ಆಕೆಯ ಹೆಸರು ಸೂರಮ್ಮ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವಳು. ಅಕ್ಕನ ಮನೆಗೆ ಬಂದು ವಾಪಸು ಹೊರಟಿದ್ದಳು. ಇಬ್ಬರೂ ಚಳ್ಳಕೆರೆಗೆ ಬಂದು ಖಾಸಗಿ ಬಸ್ಸು ಹತ್ತಿದರು. ಖಾಲಿ ಇದ್ದದ್ದು ಒಂದೇ ಸೀಟು. ಸೂರಮ್ಮ ಅದರ ಮೇಲೆ ತನ್ನ ಚೀಲ ಎಸೆದು ಹಿಡಿದುಕೊಂಡಳು. ಆಮೇಲೆ ಚೌಡೇಶ್ವರಿ ನಿಂತ ಭಂಗಿ ನೋಡಿ ಚೀಲ ತೆಗೆದಳು.

"ಕೂಚೋಮ್ಮಾ, ಕೂತ್ಕೋ. ನಿನ್ನ ಬೆನ್ನು ನೋಡಾಕಾಗಲ್ಲ."

ಢಾಕಾ, ಆಡಿಸ್ ಅಬಾಬಾ, ಹ್ಯಾಂಬರ್ಗ್, ಸೂರತ್ತು, ಹೀಗೆ ಹದಿನೆಂಟು ವರ್ಷ ಊರೂರು ತಿರುಗಿ ಜನಕ್ಕೆ ಬೆನ್ನು ನೆಟ್ಟಗೆ ಇಟ್ಟುಕೊಳ್ಳುವುದನ್ನು ಕಲಿಸಿದವಳು ಚೌಡೇಶ್ವರಿ. ಕಲಿಸಲು ಹೋಗುವಾಗ ಕೂತ ಬಸ್ಸು, ರೈಲು, ವಿಮಾನಗಳ ಪಾಲಿಗೆ ತನ್ನ ಬೆನ್ನನ್ನು ಬಿಟ್ಟುಕೊಟ್ಟಿದ್ದಳು. ನಾಚಿಕೆ ಬಿಟ್ಟು ಕೂತಳು. ಸೂರಮ್ಮ ಒಂದೂವರೆ ಗಂಟೆ ಕಂಬಿ ಹಿಡಿದು ನಿಂತಳು.

"ನಿಂತೋರೆಲ್ಲ ಒಳಗೆ ಸರೀರಿ, ಚೆಕಿಂಗ್ ಬಂದ್ರೆ ದಂಡ ನಮಗೆ!" ಎಂದು ಕಂಡಕ್ಟರ್ ಪ್ರದೀಪ್ ಕೂಗುತ್ತಿದ್ದ. ಚೌಡೇಶ್ವರಿ ಯಾರೆಂದು ಗೊತ್ತಾದ ಮೇಲೆ ಹಲ್ಲು ಕಿರಿದ. "ನಾನೂ ನಾಳೆಯಿಂದ ನಿಮ್ಮ ತರಬೇತಿಗೆ ಬರ್ತೀನಿ ಮೇಡಂ. ನಮ್ಮ ಓನರ್ ಹೆಸರು ಕೊಟ್ಟವ್ರೆ. ಊಟ ಐತಂತಲ್ಲ?"

ಊಟ ಇತ್ತು. 'ಕಾರ್ಯಸ್ಥಳದ ಭಂಗಿ ಸುಧಾರಣಾ ಕಾರ್ಯಕ್ರಮಗಳನ್ನು ಪರಿಣಾಮಕಾರಿಯಾಗಿ ಕಟ್ಟುವ ವೃತ್ತಿಪರ ತರಬೇತಿ'ಗೆ ಇಪ್ಪತ್ತೆರಡು ಅಭ್ಯರ್ಥಿಗಳು ಬಂದಿದ್ದರು. ಸರಿಯಾಗಿ ಕೂರಲೆಂದು ನಲವತ್ತು ಹೊಸ ಕುರ್ಚಿಗಳೂ ಬಂದಿದ್ದವು. ಅವು ಪ್ಲಾಸ್ಟಿಕ್ ಹೊದಿಕೆಯೊಂದಿಗೆ ಗೋಡೆಗುಂಟ ನಿಂತಿದ್ದವು, ಉದ್ಘಾಟನೆ ಆಗಿರಲಿಲ್ಲ. ಆದ್ದರಿಂದ ಕುರ್ಚಿಯಲ್ಲಿ ಕೂರುವ ಕ್ರಮವನ್ನು ಅಭ್ಯರ್ಥಿಗಳು ಜಮಖಾನದ ಮೇಲೆ ಕೂತು ಕಲಿತರು. ಮೊದಲ ದಿನ ಸಂಜೆಗೆ ಹತ್ತೊಂಬತ್ತು ಮಂದಿಗೆ ಸೊಂಟ ಹಿಡಿಯಿತು. ತರಬೇತಿ ಅಗತ್ಯವಿತ್ತು ಎಂಬುದಕ್ಕೆ ಇದೇ ಪುರಾವೆ ಎಂದು ಪ್ರಾಧಿಕಾರದ ಸಂಯೋಜಕರಾದ ಜಂಬುಲಿಂಗಪ್ಪನವರು ವರದಿ ಕಳಿಸಿದರು.

ಬುಧವಾರ ಕ್ಷೇತ್ರಭೇಟಿ. ಮಾದರಿ ಕಾರ್ಮಿಕರಾಗಿ ಆಯ್ಕೆಯಾದವಳು ಸೂರಮ್ಮ. ಅವಳದು ಗುಂಡಿಮಗ್ಗ: ಮನೆಯ ನೆಲದಲ್ಲಿ ಒಂದು ಗುಂಡಿ, ಅದರ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟರೆ ತುಳಿಯುವ ಮಣೆ ಸಿಗುತ್ತದೆ, ಕೈಗೆ ಲಾಳಿ ಸಿಗುತ್ತದೆ. ಮಗ್ಗದ ಮೇಲೆ ಅರ್ಧ ಆಗಿದ್ದ ಮಾವಿನಕಾಯಿ ಬಣ್ಣದ ಸೀರೆ. ಜಂಬುಲಿಂಗಪ್ಪನವರು ನಮೂನೆ ಏಳು ತೆಗೆದರು.

"ಆಸನದ ಎತ್ತರ, ನೆಲದಿಂದ?"

"ನೆಲದ ಮೇಲೇ ಕೂರೋದಲ್ಲೇನ್ರಿ."

"ಸೊನ್ನೆ," ಎಂದು ಬರೆದರು. "ಪಾದ ನೆಲಕ್ಕೆ ತಾಗ್ತವಾ?"

"ಪಾದ ಗುಂಡಿ ಒಳಗಿರ್ತಾವೆ."

ಜಂಬುಲಿಂಗಪ್ಪನವರ ಪೆನ್ನು ನಿಂತಿತು. ನೆಲದ ಕೆಳಗೆ ಕಾಲಿಟ್ಟು ದುಡಿಯುವವರು ಭೂಗರ್ಭ ಕಾರ್ಮಿಕರು. ಅಂದರೆ ಈಕೆ ಮೊಣಕಾಲಿನಿಂದ ಮೇಲಕ್ಕೆ ನೇಕಾರಳು, ಕೆಳಕ್ಕೆ ಗಣಿ ಕಾರ್ಮಿಕಳು. ಎರಡು ಹೆಲ್ಮೆಟ್ ತರಿಸಲಾಯಿತು. ಭೂಗರ್ಭದಲ್ಲಿರುವ ಭಾಗಕ್ಕೇ ರಕ್ಷಣೆ ಕೊಡಬೇಕಾದ್ದರಿಂದ ಅವನ್ನು ಮೊಣಕಾಲಿಗೆ ಕಟ್ಟಲಾಯಿತು. ಸೂರಮ್ಮ ಹಾಗೆಯೇ ನಾಲ್ಕು ಎಳೆ ನೇಯ್ದು ತೋರಿಸಿದಳು. ಫೋಟೊ ತೆಗೆದರು.

"ಆದರೆ ಪರವಾನಗಿ ಇಲ್ಲದ ಗಣಿ ಇದು," ಎಂದರು ಜಂಬುಲಿಂಗಪ್ಪ. "ಶುಕ್ರವಾರ ಸಂಜೆ ಐದರೊಳಗೆ ಗುಂಡಿ ಮುಚ್ಚಬೇಕು. ಮಣ್ಣು ಪ್ರಾಧಿಕಾರದ್ದೇ. ಮೇಲೆ ನಲವತ್ತಾರು ಸೆಂಟಿಮೀಟರಿನ ಕುರ್ಚಿ ಕೊಡ್ತೀವಿ."

"ಗುಂಡಿ ಮುಚ್ಚಿದ್ರೆ ನನ್ನ ಬದುಕೇ ಮುಚ್ಚಿದಂಗೆ ಸ್ವಾಮಿ! ಸೀರೆ ಅರ್ಧ ಐತೆ, ಹಾಸು ಎಳೆ ಕತ್ತರಿಸಿದ್ರೆ ನೇಯಾಕೆ ಕೊಟ್ಟ ಯಜಮಾನ್ರು ಇನ್ನೊಂದು ಸಲ ರೇಷ್ಮೆ ಕೊಡ್ತಾರಾ? ಕುರ್ಚಿ ಮ್ಯಾಲೆ ಕೂತ್ರೆ ಮಗ್ಗ ಪಾದದ ಹತ್ರ ಇರ್ತೈತೆ. ಕಾಲ್ಬೆರಳಲ್ಲಿ ನೇಯ್ಲಾ?"

"ಅದಕ್ಕೆ ಬೇರೆ ಐದು ದಿನದ ತರಬೇತಿ ಇದೆ," ಎಂದು ಅವರು ಸಮಾಧಾನ ಹೇಳಿದರು.

ಎಲ್ಲರೂ ಊಟಕ್ಕೆ ಹೋದ ಮೇಲೆ ಚೌಡೇಶ್ವರಿ ಉಳಿದಳು. ಆ ಬಸ್ಸಿನ ಸೀಟಿನ ಋಣ ಅವಳ ಸೊಂಟದಲ್ಲಿ ಸೋಮವಾರದಿಂದ ಚುಚ್ಚುತ್ತಿತ್ತು.

"ನಾನೊಂದು ಸಲ ಕೂರಲಾ?"

"ಕೂತ್ಕೋ. ಆದ್ರೆ ಅದು ನನ್ನ ಕಾಲಿನ ಅಳತೇದು. ನಮ್ಮತ್ತೆ ಉದ್ದ ಇದ್ಲು. ನಾನು ಸೊಸೆಯಾಗಿ ಬಂದ ದಿನ ನನ್ನ ಕೂರಿಸಿ, ಕಾಲಿಗೆ ದಾರ ಹಿಡಿದು, ನಾಲ್ಕು ಬೆರಳು ಮಣ್ಣು ಹಾಕಿ ಮೆತ್ತಿದ್ಲು. ನಮ್ಮಲ್ಲಿ ಸೊಸೆ ಬಂದ್ರೆ ಮೊದಲು ಗುಂಡಿ ಅಳತೆ, ಆಮೇಲೆ ರವಿಕೆ ಅಳತೆ."

ಚೌಡೇಶ್ವರಿ ಕಾಲು ಇಳಿಬಿಟ್ಟಳು. ಹ್ಯಾಂಬರ್ಗಿನಲ್ಲಿ ಹನ್ನೊಂದು ತಿರುಪುಗಳಿದ್ದ ಕುರ್ಚಿ ಕೊಡದಿದ್ದ ಸುಖವನ್ನು ಮಣ್ಣಿನ ಅಂಚು ಕೊಟ್ಟಿತು. ನೋವು ಎಲ್ಲಿ ಹೋಯಿತೆಂದು ಒಂದೆರಡು ಸಲ ಹುಡುಕಿದಳು ಕೂಡ. ಆಮೇಲೆ ಟೇಪು ತೆಗೆದು ಗುಂಡಿಯ ಆಳ ಅಳೆದಳು. ನಲವತ್ತಾರು ಸೆಂಟಿಮೀಟರ್.

ಹದಿನೆಂಟು ವರ್ಷದಲ್ಲಿ ಅವಳು ಒಂದು ವಿಷಯ ಕಲಿತಿದ್ದಳು. ಅಧಿಕಾರಿಗೆ ತಪ್ಪನ್ನು ತೋರಿಸಬಾರದು, ಸಾಧನೆಯನ್ನು ತೋರಿಸಬೇಕು. ಗುರುವಾರ ಜಂಬುಲಿಂಗಪ್ಪನವರ ಮುಂದೆ ನಿಯಮಾವಳಿ ಇಟ್ಟಳು.

"ಸರ್, ಇದರಲ್ಲಿ ಎಲ್ಲದಕ್ಕೂ ವ್ಯಾಖ್ಯೆ ಐತೆ. ಕುರ್ಚಿಗೈತೆ, ಬೆನ್ನಿಗೈತೆ, ಪೃಷ್ಠಕ್ಕೂ ಐತೆ. ನೆಲಕ್ಕಿಲ್ಲ."

"ನೆಲಕ್ಕೆ ಯಾಕ್ರೀ ವ್ಯಾಖ್ಯೆ?"

"ಪಾದ ಎಲ್ಲಿ ಊರ್ತೀವೋ ಅದೇ ನೆಲ ಅಂದುಕೊಳ್ಳಿ. ಆಗ ಗುಂಡಿಯ ತಳ ನೆಲ ಆಗ್ತದೆ, ಮನೆಯ ನೆಲ ಆಸನ ಆಗ್ತದೆ. ಎತ್ತರ ಸರಿಯಾಗಿ ನಲವತ್ತಾರು. ಗಣಿಯೂ ಇಲ್ಲ, ಗುಂಡಿಯೂ ಇಲ್ಲ."

ಜಂಬುಲಿಂಗಪ್ಪನವರು ಕ್ಯಾಲ್ಕುಲೇಟರ್ ಹತ್ತಿರಕ್ಕೆ ಎಳೆದುಕೊಂಡರು. "ಹಂಗಾದ್ರೆ ಗುಂಡಿಮಗ್ಗ ಇರೋ ಪ್ರತಿ ಮನೆಗೂ ಒಂದು ಆಸನ ಈಗಾಗಲೇ ಮುಟ್ಟಿದಂಗೆ?"

"ಮುಟ್ಟಿದಂಗೆ."

"ಆರುನೂರ ನಲವತ್ತು ಮನೆ. ಆರುನೂರ ನಲವತ್ತು ಆಸನ. ಗುರಿ ನೂರಕ್ಕೆ ನೂರು." ಅವರ ಕಣ್ಣು ಗೋಡೆಗುಂಟ ನಿಂತ ಕುರ್ಚಿಗಳ ಮೇಲೆ ಮೆಲ್ಲಗೆ ಓಡಾಡಿತು. "ಹಂಗಾದ್ರೆ ಇವು ಹೆಚ್ಚುವರಿ."

ಹೆಚ್ಚುವರಿ ಕುರ್ಚಿಗಳು ಅಂದೇ ಸಂಜೆ ಅವರ ಭಾವಮೈದುನನ ಕಲ್ಯಾಣಮಂಟಪಕ್ಕೆ ಸುರಕ್ಷತೆಯ ದೃಷ್ಟಿಯಿಂದ ಸ್ಥಳಾಂತರಗೊಂಡವು. ಶುಕ್ರವಾರ ಮಧ್ಯಾಹ್ನ ಪ್ರಕಟಣೆ ಹೊರಟಿತು:

'ಗುಂಡಿಯ ತಳವನ್ನು ನೆಲವೆಂದೂ, ಈವರೆಗೆ ನೆಲವೆಂದು ತಪ್ಪಾಗಿ ಕರೆಯಲಾಗುತ್ತಿದ್ದ ಭಾಗವನ್ನು ಆಸನವೆಂದೂ ತಿಳಿಯತಕ್ಕದ್ದು. ಆಸನದ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯುವುದು, ಮೇಕೆ ಕಟ್ಟುವುದು, ಸಗಣಿ ಸಾರಿಸುವುದು ನಿಷಿದ್ಧ. ಕೆಲಸದ ವೇಳೆಯಲ್ಲಿ ಆಸನದ ಮೇಲೆ ಮಲಗಿದರೆ ಕರ್ತವ್ಯಲೋಪ. ಮನೆಗೆ ನೆಲವೇ ಬೇಕೆನ್ನುವವರು ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.'

ಐದು ಗಂಟೆಗೆ ಮಣ್ಣಿನ ಟ್ರ್ಯಾಕ್ಟರ್ ಬಂತು. ಸೂರಮ್ಮನ ಮನೆಯಲ್ಲಿ ಗುಂಡಿಯೇ ಇಲ್ಲವೆಂದು ದಾಖಲೆ ನೋಡಿ ವಾಪಸಾಯಿತು. ಬೀದಿಯವರು ಹೊಸ ನಿಯಮಕ್ಕೆ ಬೇಗ ಹೊಂದಿಕೊಂಡರು. ನೆಂಟರು ಬಂದರೆ ಬಾಗಿಲಲ್ಲೇ ಹೇಳುತ್ತಿದ್ದರು: "ಚಪ್ಪಲಿ ಬಿಡ್ರಿ, ಸರಕಾರಿ ಕುರ್ಚಿ ಮ್ಯಾಲೆ ಬರ್ತಿದ್ದೀರಿ." ಇಬ್ಬರು ನೆಲಕ್ಕೆ ಅರ್ಜಿ ಹಾಕಿದರು. ಪರಿಶೀಲನೆಯಲ್ಲಿದೆ.

ಸೀರೆ ಮುಗಿಯುವವರೆಗೆ ಚೌಡೇಶ್ವರಿ ಊರು ಬಿಡಲಿಲ್ಲ. ಹನ್ನೆರಡನೇ ದಿನ ಸೂರಮ್ಮ ಸೀರೆಯನ್ನು ಯಜಮಾನರಿಗೆ ಒಪ್ಪಿಸಿ ಅಕ್ಕನ ಮನೆಗೆ ಹೊರಟಳು. ಅದೇ ಬಸ್ಸಿನಲ್ಲಿ ಚೌಡೇಶ್ವರಿ ಆಗಲೇ ಹತ್ತಿ, ಇದ್ದ ಕೊನೆಯ ಸೀಟಿನಲ್ಲಿ ಕೂತಿದ್ದಳು. ಎದ್ದು ನಿಂತಳು.

"ಕೂತ್ಕೊಳ್ರಿ ಸೂರಮ್ಮ."

"ಅಯ್ಯೋ ಬ್ಯಾಡಮ್ಮಾ, ನಿನ್ನ ಬೆನ್ನು!"

"ಬೆನ್ನು ನಂದು, ಸೀಟು ನಿಮ್ದು. ಒಂದೂವರೆ ಗಂಟೆ ಬಾಕಿ ಐತೆ, ತೀರಿಸ್ಕೊಳ್ರಿ."

ಸೂರಮ್ಮ ಮುಲಾಜಿಗೆ ಎರಡು ಸಲ ಬೇಡವೆಂದು, ಮೂರನೇ ಸಲಕ್ಕೆ ಕೂತು, ಕಾಲು ಚಾಚಿದಳು. ಬಸ್ಸು ಹೊರಟಿತು. ಕಂಬಿಗೆ ಜೋತುಬಿದ್ದ ಮೂವತ್ತು ಮಂದಿಯ ನಡುವೆ ತೂರಿಕೊಂಡು ಪ್ರದೀಪ್ ಬಂದ. ಅವನ ಎದೆಯ ಮೇಲೆ ತರಬೇತಿಯ ಬಿಲ್ಲೆ ಹೊಳೆಯುತ್ತಿತ್ತು. ಈ ಸಲ ಯಾರಿಗೂ ಸರಿಯಿರಿ ಎಂದು ಕೂಗಲಿಲ್ಲ.

"ಚೆಕಿಂಗ್ ಬಂದ್ರೆ ದಂಡ ಅಂತಿದ್ದೆಯಲ್ಲಪ್ಪಾ?" ಎಂದಳು ಚೌಡೇಶ್ವರಿ.

"ಅದು ನಿಂತಿರೋರಿಗೆ, ಮೇಡಂ. ಇಲ್ಲಿ ನಿಂತಿರೋರು ಯಾರೈದಾರೆ? ಕೆಳಗೆ ರಸ್ತೆ ಐತಲ್ಲ, ಅದೇ ನೆಲ. ನೀವು ಕಾಲಿಟ್ಟಿರೋದು ಆಸನ. ಓನರ್ ನಿಮ್ಮ ಆದೇಶ ತೋರಿಸಿ ಆರ್‌ಟಿಓ ಆಫೀಸಲ್ಲಿ ಬರೆಸ್ಕೊಂಡು ಬಂದವ್ರೆ."

ಚೌಡೇಶ್ವರಿ ಕಂಬಿ ಹಿಡಿದ ಕೈ ಬದಲಿಸಿದಳು. ಸೊಂಟ ಚುಚ್ಚತೊಡಗಿತ್ತು. ಬಸ್ಸು ಹಾರಿ ಬಿದ್ದಿತು. ಮೂವತ್ತು ಮಂದಿಯೂ ಒಟ್ಟಿಗೆ ಒಬ್ಬರ ಮೇಲೊಬ್ಬರು ವಾಲಿ, ಮತ್ತೆ ನೆಟ್ಟಗಾದರು.

"ಹಂಗಾದ್ರೆ ಈ ಅಮ್ಮ ನಂಗೆ ಸೀಟು ಬಿಟ್ಟುಕೊಟ್ಟಂಗೇ ಆಗಲಿಲ್ಲ ಅನ್ನು," ಎಂದಳು ಸೂರಮ್ಮ, ಕೂತಲ್ಲಿಂದಲೇ.

"ಕಾಗದದಾಗೆ ಆಗಿಲ್ಲ," ಎಂದ ಪ್ರದೀಪ್, ಟಿಕೆಟ್ ಹರಿಯುತ್ತ.

"ನನ್ನ ಕಾಲಿಗೆ ಗೊತ್ತೈತೆ ಬಿಡು. ನಿನ್ನ ಬಾಕಿ ತೀರಿತು ಕಣಮ್ಮಾ," ಎಂದು ಸೂರಮ್ಮ ಚೌಡೇಶ್ವರಿಯ ಸೂಟ್‌ಕೇಸನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.