ನಮ್ಮ ಭಾವನೂ ಹಳದಿ ದೀಪವೂ

ಒಂದು ಮಾತು ಕೇಳುತ್ತೇನೆ, ಮುಚ್ಚಿಡದೆ ಹೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ಉಣ್ಣುವ ತಟ್ಟೆ ಬಿಟ್ಟು ಎದ್ದು, ಎಂಜಲು ಕೈಯಲ್ಲೇ ಹೊರಗೆ ಹೋಗಿ, ಕಾರಿನ ನಾಲ್ಕೂ ಗಾಲಿ ವಿಚಾರಿಸಿಕೊಂಡು ಬಂದು, “ಮೂವತ್ತಮೂರು, ಬರೋಬರಿ ಐತಿ” ಅಂತ ಹೇಳಿ ಮತ್ತೆ ಅನ್ನಕ್ಕೆ ಸಾರು ಹಾಕಿಸಿಕೊಂಡಿದ್ದಾರಾ? ಇಲ್ಲ ತಾನೆ? ಹಾಗಾದರೆ ನೀವು ಪುಣ್ಯವಂತರು. ನಮ್ಮಲ್ಲಿ ಒಬ್ಬರಿದ್ದಾರೆ. ನನ್ನ ಅಕ್ಕನ ಗಂಡ. ಕಾರು ಇಟ್ಟುಕೊಂಡವರೆಲ್ಲ ಕಾರು ಓಡಿಸುತ್ತಾರೆ. ನಮ್ಮ ಭಾವ ಕಾರಿನ ಗಾಳಿ ಕಾಯುತ್ತಾರೆ!

ಭಾವ ಇರುವುದು ಸಿರುಗುಪ್ಪದಲ್ಲಿ. ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಳ್ಳುವ ಕೆಲಸ ಮಾಡಿದವರು. ಇಪ್ಪತ್ತೆಂಟು ವರ್ಷ! ಬಾಯ್ಲರಿಗೆ ಒಂದು ಗುಂಡನೆಯ ಮೀಟರ್ ಇರುತ್ತದೆ, ಅದರಲ್ಲೊಂದು ಮುಳ್ಳು. ಒಳಗೆ ಉಗಿ ಎಷ್ಟು ಒತ್ತುತ್ತಿದೆ ಅಂತ ಆ ಮುಳ್ಳು ಹೇಳುತ್ತದೆ. ಅದು ಕೆಂಪು ಗೆರೆಯ ಹತ್ತಿರ ಹೋದರೆ ಗಿರಣಿಯಲ್ಲಿ ಇದ್ದಬದ್ದವರೆಲ್ಲ ಹೊರಗೆ ಓಡಬಹುದು, ಭಾವ ಮಾತ್ರ ಒಳಗೆ ಓಡಬೇಕು. ಹಾಗೆ ಬದುಕಿದ ಮನುಷ್ಯ ಮನೆಯಲ್ಲಿ ಹೇಗಿರುತ್ತಾರೆ ಹೇಳಿ? ಅಕ್ಕ ಒಲೆಯ ಮೇಲೆ ಕುಕ್ಕರ್ ಇಟ್ಟರೆ ಅದು ಇಳಿಯುವ ತನಕ ಅಡಿಗೆಮನೆ ಬಾಗಿಲಲ್ಲಿ ಕೈಕಟ್ಟಿ ನಿಂತಿರುತ್ತಾರೆ. ಯಾರು ಬಂದರೂ, ಯಾರು ಹೋದರೂ ಅಲ್ಲಿಂದ ಕದಲುವುದಿಲ್ಲ. ಅಕ್ಕನ ಮನೆಯ ಬೇಳೆ ಇವತ್ತಿನವರೆಗೆ ಒಂದು ದಿನವೂ ಸೀದಿಲ್ಲ, ಅದೊಂದು ಲಾಭ.

ಕೆಲಸದಿಂದ ನಿವೃತ್ತಿಯಾದ ಮೇಲೆ ಕಾರು ತಗೊಂಡರು. ಶೋರೂಮಿಗೆ ನಾನೂ ಹೋಗಿದ್ದೆ, ನನ್ನ ಗ್ರಹಚಾರ. ಮಾರುವ ಹುಡುಗ ಪಾಪ ತೆರೆಯುವ ಚಾವಣಿ ತೋರಿಸಿದ, ಹಿಂದಿನ ಕ್ಯಾಮೆರಾ ತೋರಿಸಿದ, ಹಾಡು ಹಾಕಿದ. ಭಾವ ಆಕಳಿಸಿದರು. ಕೊನೆಗೆ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಕಾರಿನ ಚಿತ್ರ, ನಾಲ್ಕು ಗಾಲಿ, ಪಕ್ಕದಲ್ಲಿ ನಾಲ್ಕು ಅಂಕಿ ಕಂಡವು.

“ಇದೇನಪಾ ಇದು?”

“ಸರ್, ಒಂದೊಂದು ಗಾಲಿಯೊಳಗೂ ಒಂದು ಸಣ್ಣ ಸೆನ್ಸರ್ ಇರ್ತದೆ. ಗಾಳಿ ಎಷ್ಟಿದೆ ಅಂತ ಅದು ಹೇಳ್ತಾನೇ ಇರ್ತದೆ. ಕಡಿಮೆ ಆದರೆ ಈ ಹಳದಿ ದೀಪ ಹತ್ತುತ್ತದೆ.”

ಭಾವನ ಕಣ್ಣು ಅಷ್ಟು ಅರಳಿದ್ದನ್ನು ನಾನು ಅಕ್ಕನ ಮದುವೆಯಲ್ಲೂ ನೋಡಿರಲಿಲ್ಲ. “ಅಂದ್ರ... ಒಂದಲ್ಲ, ನಾಕು ಮೀಟರು?” ಅಂದರು. ಕಾರಿನ ಬಣ್ಣ ಯಾವುದು ಅಂತ ಅವರು ಗಮನಿಸಿದ್ದು ಮನೆಗೆ ಬಂದ ಮೇಲೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮೆಲ್ಲರ ಕರ್ಮ! ನಾಲ್ಕು ಅಂಕಿ ಒಂದೇ ಇರಬೇಕು. ಇರಲಿಲ್ಲವೋ, ಭಾವನಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಈಗ ನೀವೇ ಹೇಳಿ, ಬಳ್ಳಾರಿ ಬಿಸಿಲಿನಲ್ಲಿ ನಾಲ್ಕು ಗಾಲಿ ಒಂದೇ ಸಮ ಇರುತ್ತವಾ? ಬಿಸಿಲು ಬಿದ್ದ ಕಡೆಯ ಗಾಲಿಯಲ್ಲಿ ಗಾಳಿ ಉಬ್ಬುತ್ತದೆ, ಅಂಕಿ ಏರುತ್ತದೆ. ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಗೆ ಒಂದು ಭಾನುವಾರ ಊಟಕ್ಕೆ ಬಂದವರು ಹೋಳಿಗೆ ಬಡಿಸುವ ಹೊತ್ತಿಗೆ ಎದ್ದು ಹೋದರು. ಕಿಟಕಿಯಿಂದ ನೋಡಿದರೆ ಕಾರನ್ನು ಹಿಂದೆ ಮುಂದೆ ಮಾಡಿ ಉಲ್ಟಾ ನಿಲ್ಲಿಸುತ್ತಿದ್ದಾರೆ, ಬೆಂದ ಕಡೆ ನೆರಳಿಗೆ, ಬೇಯದ ಕಡೆ ಬಿಸಿಲಿಗೆ. ಅರ್ಧ ಗಂಟೆ ಬಿಟ್ಟು ಮತ್ತೆ ಉಲ್ಟಾ. ಎದುರು ಮನೆಯಾಕೆ ಕಾಂಪೌಂಡಿನಿಂದ ಕತ್ತು ಚಾಚಿ ಕೇಳಿದಳು: “ಏನ್ರಿ ಅಕ್ಕಾ, ನಿಮ್ಮ ಭಾವ ಕಾರು ಸುಡಾಕತ್ಯಾರೇನು, ರೊಟ್ಟಿ ಸುಟ್ಟಂಗ?”

ನಾನೇನು ಹೇಳಲಿ? “ಹೌದ್ರಿ, ಇನ್ನೊಂದು ಮಗ್ಗಲು ಬೇಯಬೇಕು” ಅಂದೆ.

ಇನ್ನು ಅವರ ಕಾರಿನಲ್ಲಿ ಕೂರುವ ಸುಖ! ಒಂದು ದಿನ ಎಡಗಡೆ ಹಿಂದಿನ ಗಾಲಿಯ ಅಂಕಿ ಬಿಸಿಲಿಗೆ ಎರಡು ಏರಿತ್ತು. ಅದಕ್ಕೆ ಆ ಗಾಲಿಯ ಮೇಲೆ ಕೂತ ನಾನೇ ಕಾರಣವಂತೆ. “ಸಣ್ಣಾಕಿ, ಸ್ವಲ್ಪ ನಡುವ ಸರಿಯವಾ, ಅದರ ಮ್ಯಾಲ ಭಾಳ ಬೀಳಾಕತ್ತೈತಿ” ಅಂದರು. ಎಲ್ಲರ ಮುಂದೆ! ನನ್ನ ಗಂಡ ಕಿಟಕಿ ಕಡೆ ಮುಖ ತಿರುಗಿಸಿ ನಕ್ಕಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಅಕ್ಕನದು ಬೇರೆಯೇ ದುಃಖ: “ನನಗ ಜ್ವರ ಬಂದ್ರ ಒಂದಿನಾನೂ ಹಣಿ ಮುಟ್ಟಿ ನೋಡಿದಾಂವಲ್ಲ ಇಂವ. ಈಗ ನೋಡು, ದಿನಾ ಮುಂಜಾನೆ ಎದ್ದು ನಾಕೂ ಗಾಲಿ ಮೈದಡವತಾನ.”

ಇಷ್ಟೇ ಆಗಿದ್ದರೆ ನಗುತ್ತಾ ಇದ್ದುಬಿಡಬಹುದಿತ್ತು. ಆದರೆ ನಡುವೆ ನಮ್ಮ ಅವ್ವನ ಕಣ್ಣು ಬಂತು.

ಅವ್ವ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಎರಡೂ ಕಣ್ಣಿಗೆ ಪೊರೆ. ಬಲಗಣ್ಣು ಪೂರಾ ಮುಚ್ಚಿತ್ತು, ಎಡಗಣ್ಣು ಮಂಜು ಮಂಜು. ನಾವು ಹೋದರೆ ದನಿ ಕೇಳಿ ಯಾರು ಅಂತ ಗುರುತು ಹಿಡಿಯುತ್ತಿದ್ದಳು. ಬಳ್ಳಾರಿಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು, ಪೊರೆ ಬಲಿತುಹೋಗಿದೆ, ಇನ್ನೂ ತಡ ಮಾಡಿದರೆ ಆಪರೇಷನ್ ಮಾಡಿದರೂ ಕಾಣುತ್ತದೆ ಅಂತ ಭರವಸೆ ಕೊಡಲಾರೆ ಅಂತ. ಅವ್ವನಿಗೋ ಹೆದರಿಕೆ. “ಕಣ್ಣು ಹೊರಗ ತಗದು, ತೊಳದು, ತಿರಗಾ ಇಡತಾರಂತ. ಇಡೂಮುಂದ ಕೈ ಜಾರಿದ್ರ?” ಅಂತ ಅವಳ ಪ್ರಶ್ನೆ. ಹಾಗಲ್ಲ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಬಸ್ಸು ಹತ್ತಿದರೆ ವಾಂತಿ. ಬಾಡಿಗೆ ಕಾರು ಬೇಡವಂತೆ. ಕೊನೆಗೆ ಒಂದು ಷರತ್ತು ಹಾಕಿದಳು: “ಅಳಿಯಂದ್ರು ಕರಕೊಂಡು ಹೋದ್ರ ಬರತೀನಿ.”

ಜಗತ್ತಿನಲ್ಲಿ ಅಷ್ಟು ಜನ ಡ್ರೈವರುಗಳಿದ್ದಾರೆ. ಇವಳಿಗೆ ಇವರೇ ಬೇಕಾ!

ಮೊದಲ ಸಲ ಹೊರಟಿದ್ದು ಚಳಿಗಾಲದ ಮುಂಜಾನೆ. ಅವ್ವ ಮುಂದಿನ ಸೀಟು, ನಾನು ಹಿಂದೆ. ಊರು ದಾಟಿ ಹೊಲ ಶುರುವಾಗಿಲ್ಲ, ಹಳದಿ ದೀಪ ಹತ್ತಿತು. ಚಳಿಗೆ ಗಾಳಿ ಕುಗ್ಗಿದರೆ ಅದು ಹತ್ತುವುದು ಸಹಜ ಅಂತ ಆಮೇಲೆ ಮೆಕ್ಯಾನಿಕ್ ಹೇಳಿದ. ಆದರೆ ಭಾವ ಗಾಡಿ ನಿಲ್ಲಿಸಿ ಕೆಳಗಿಳಿದರು.

“ಯಾಕ ಅಳಿಯಂದ್ರ, ಏನಾತು?”

“ದೀಪ ಹತ್ತೇತಿ ಅತ್ತಿ.”

ಮುಗಿಯಿತು! ಅವ್ವನಿಗೆ ಅಷ್ಟೇ ಬೇಕಿತ್ತು. “ಹೊಂಟ ಕೂಡ್ಲೆ ಬ್ಯಾಡ ಅನ್ನಾಕತ್ತೈತಿ ನೋಡ್ರಿ. ಇವತ್ತು ಬ್ಯಾಡ ನಡೀರಿ.” ನಾನು ಬೇಡಿಕೊಂಡೆ, ಬೈದೆ. ಇಬ್ಬರೂ ಒಂದೇ ಪಕ್ಷ. ಗಾಡಿ ವಾಪಸ್ಸು. ಮಧ್ಯಾಹ್ನ ಬಿಸಿಲೇರಿದ ಮೇಲೆ ದೀಪ ತಾನಾಗಿಯೇ ಆರಿತು. ಆಸ್ಪತ್ರೆ ಅಷ್ಟರಲ್ಲಿ ಇನ್ನೊಬ್ಬರ ಕಣ್ಣು ಮಾಡಿ ಮುಗಿಸಿತ್ತು.

ಎರಡನೇ ಸಲದ್ದು ಕೇಳಿದರೆ ನೀವು ಹಣೆ ಚಚ್ಚಿಕೊಳ್ಳುತ್ತೀರಿ. ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಗಾಲಿ ಇರುತ್ತದಲ್ಲ, ಅದರಲ್ಲಿ ಸೆನ್ಸರ್ ಇಲ್ಲ. ಇದು ಗೊತ್ತಾದ ದಿನದಿಂದ ಭಾವನಿಗೆ ಅದರದೇ ಫಿಕರು. “ನಾಕು ಮಾತಾಡತಾವು, ಐದನೇದು ಬಾಯೇ ಬಿಡವಲ್ದು. ಅದರ ಹೊಟ್ಟ್ಯಾಗ ಏನೈತೋ!” ಅಂತ, ಅದನ್ನು ಪರೀಕ್ಷೆ ಮಾಡಲು ಹಿಂದಿನ ದಿನವೇ ತೆಗೆದು ಬಲಗಡೆ ಹಿಂದಕ್ಕೆ ಜೋಡಿಸಿಬಿಟ್ಟಿದ್ದರು. ಯಾವ ದಿನ? ಆಪರೇಷನ್ನಿನ ಹಿಂದಿನ ದಿನ! ಮರುದಿನ ಅವ್ವನನ್ನು ಕೂರಿಸಿಕೊಂಡು ಹೊರಟರೆ, ಸೆನ್ಸರ್ ಸಿಗದ ಕಾರು ಗಾಬರಿಯಾಗಿ ಹಳದಿ ದೀಪವನ್ನು ಮಿಣಿಮಿಣಿ ಮಿಟುಕಿಸತೊಡಗಿತು.

“ಯವ್ವಾ, ಹೋದ ಸಲ ಸುಮ್ಮನ ಹತ್ತಿತ್ತು. ಈ ಸಲ ಕಣ್ಣು ಹೊಡಿಯಾಕತ್ತೈತಿ!” ಅವ್ವ ಸೀಟಿನಲ್ಲೇ ಹಿಂದೆ ಸರಿದಳು.

“ಅವ್ವಾ, ನನ್ನ ಮುಖ ಕಾಣಂಗಿಲ್ಲ ಅಂತಿ. ಅಷ್ಟು ಸಣ್ಣ ದೀಪ ಹ್ಯಾಂಗ ಕಂಡಿತು ನಿನಗ?”

“ನಿನ್ನ ಮುಖ ಹಳದಿ ಹೊಳಿಯಂಗಿಲ್ಲಲ್ಲ!”

ಮತ್ತೆ ವಾಪಸ್ಸು. ನಾನು ಅವತ್ತು ಭಾವನಿಗೆ ಅನ್ನಬಾರದ್ದು ಅಂದೆ. “ನಿಮಗ ಗಾಲಿ ಮುಖ್ಯನೋ, ನಮ್ಮವ್ವನ ಕಣ್ಣು ಮುಖ್ಯನೋ? ಆಕಿ ಕುರುಡಿ ಆದ್ರ ಅದು ನಿಮ್ಮ ತಲಿ ಮ್ಯಾಲ!” ಭಾವ ತಲೆ ತಗ್ಗಿಸಿ ನಿಂತರು. “ಮೀಟರು ಹೇಳಿದ್ದು ಸುಳ್ಳು ಅನ್ನಾಕ ಬರಂಗಿಲ್ಲ ಸಣ್ಣಾಕಿ” ಅಂದರು ಅಷ್ಟೇ. ನಾನು ಎರಡು ತಿಂಗಳು ಅವರ ಫೋನ್ ಎತ್ತಲಿಲ್ಲ.

ಮೂರನೇ ಸಲ ಬೇಸಿಗೆ. ಡಾಕ್ಟರು ಅಕ್ಷರಶಃ ಕೈಮುಗಿದು ದಿನ ಕೊಟ್ಟಿದ್ದರು, ಇದು ತಪ್ಪಿದರೆ ನನ್ನ ಹತ್ತಿರ ಬರಬೇಡಿ ಅಂತ. ಕಾರು ಹೊರಡುವಾಗ ನಾನು ನೋಡಿದೆ, ನಾಲ್ಕೂ ಮೂವತ್ತಮೂರು. ದೀಪ ಇಲ್ಲ. ಹತ್ತು ನಿಮಿಷ ಹೋಗಿರಬೇಕು. ಭಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅದನ್ನು ಸ್ಟೇರಿಂಗಿನ ಹಿಂದೆ ಮೀಟರಿನ ಮೇಲೆ ಹಾಸಿದರು. “ಬಿಸಿಲು ಹೊಡದು ಕಣ್ಣು ಕುಕ್ಕತೈತಿ” ಅಂದರು. ಅಬ್ಬಾ, ಈ ಮನುಷ್ಯನಿಗೆ ಕೊನೆಗೂ ಹುಚ್ಚು ಬಿಟ್ಟಿತು ಅಂತ ನಾನು ನಿಟ್ಟುಸಿರು ಬಿಟ್ಟೆ.

ಬಿಟ್ಟಿತಾ? ಗಾಡಿ ಆಮೆಯಂತೆ ಹೋಗತೊಡಗಿತು. ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಲಿಲ್ಲ ಅಷ್ಟೇ, ಸೈಕಲ್ಲು ಹಾಕಿತು! “ಜಲ್ದಿ ನಡೀರಿ ಭಾವ, ಹೊತ್ತಾತು” ಅಂತ ನಾನು. “ಹೊಂಟೀನಲ್ಲವಾ” ಅಂತ ಅವರು. ನಡುವೆ ಒಂದು ಕಡೆ ನಿಲ್ಲಿಸಿ, ಒಂದಕ್ಕೆ ಹೋಗಿಬರುತ್ತೇನೆ ಅಂತ ಕಾರಿನ ಹಿಂದೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. “ಏನ್ರಿ ಅದು, ಕೆರಿ ತುಂಬಸಾಕತ್ತೀರೇನು?” ಅಂತ ಕೂಗಿದೆ. ಹೌದು ರೀ, ಭಾವನಿಗೇ ಅಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು.

ಬಂದು ಕೂತರು. ಅವ್ವ ಅವರ ಕಡೆ ತಿರುಗಿ ಕೇಳಿದಳು: “ಅಳಿಯಂದ್ರ, ದೀಪ ಹತ್ತೇತೇನು?”

ಮುಗಿಯಿತು, ಮೂರನೇ ಸಲವೂ ವಾಪಸ್ಸು ಅಂದುಕೊಂಡೆ ನಾನು.

“ಇಲ್ಲ ಅತ್ತಿ” ಅಂದರು ಭಾವ.

ಅವ್ವ ಸೆರಗು ಸರಿಮಾಡಿಕೊಂಡು ಕೈ ಮಡಿಚಿಟ್ಟು ಕೂತಳು. ಬಳ್ಳಾರಿಯ ಕೋಟೆಗುಡ್ಡ ಕಂಡಿತು, ಊರು ಬಂತು, ಆಸ್ಪತ್ರೆ ಬಂತು. ಅವ್ವನನ್ನು ಒಳಗೆ ಕರೆದುಕೊಂಡು ಹೋದರು. ಕಣ್ಣಿಗೆ ಹನಿ ಹಾಕಿ ಕೂರಿಸಿದ ಮೇಲೆ, ಕಾರಿನಲ್ಲಿ ಬಿಟ್ಟಿದ್ದ ಫೈಲು ತರಲು ನಾನು ಹೊರಗೆ ಬಂದೆ.

ಎಡಗಡೆ ಹಿಂದಿನ ಗಾಲಿ ನೆಲಕ್ಕೆ ಕೂತಿತ್ತು. ಪೂರಾ. ಅದರ ಪಕ್ಕ ಭಾವನೂ ನೆಲಕ್ಕೆ ಕೂತಿದ್ದರು. ಅಂಗಿ ಒದ್ದೆಮುದ್ದೆ. ಬಾಗಿಲು ತೆಗೆದೇ ಇತ್ತು, ಟವೆಲ್ಲು ಕೆಳಗೆ ಬಿದ್ದಿತ್ತು, ಹಳದಿ ದೀಪ ಉರಿಯುತ್ತಿತ್ತು.

“ಯಾವಾಗ ಹತ್ತಿತ್ತು ಭಾವ?”

“ಊರು ಬಿಟ್ಟು ಹತ್ತು ನಿಮಿಷಕ್ಕ. ಮೊಳಿ ಹೊಕ್ಕೈತಿ ನೋಡು” ಅಂತ ಗಾಲಿಗೆ ಹೊಕ್ಕಿದ್ದ ಮೊಳೆ ತೋರಿಸಿದರು. “ಟವೆಲ್ ಸಂದ್ಯಾಗಿಂದ ನೋಡಿಕೋತ ಬಂದೆ. ಇಪ್ಪತ್ತೆಂಟಾತು, ಇಪ್ಪತ್ತನಾಕಾತು. ನಡುವ ಇಳದು ಕೈಯಿಟ್ಟು ನೋಡಿದೆ. ಸಾವಕಾಶ ಹೋದ್ರ ಮುಟ್ಟತೈತಿ ಅನಿಸ್ತು. ಹೊಂಟೆ.”

ನಾನು ಬಿದ್ದಿದ್ದ ಟವೆಲ್ಲು ಎತ್ತಿ, ಧೂಳು ಕೊಡವಿ ಅವರ ಕೈಗೆ ಕೊಟ್ಟೆ. ಮುಳ್ಳು ಅಲುಗಾಡಿದರೆ ಸಾಕು ಎದ್ದು ಓಡುತ್ತಿದ್ದ ಮನುಷ್ಯ, ಅಷ್ಟು ದಾರಿ ಆ ಅಂಕಿ ಇಳಿಯುವುದನ್ನು ಒಬ್ಬರೇ ನೋಡುತ್ತಾ, ನನ್ನ ಬೈಗುಳ ತಿನ್ನುತ್ತಾ ಬಂದಿದ್ದರು. (ನೀವು ಯಾರೂ ಹಾಗೆ ಓಡಿಸಬೇಡಿ ಮತ್ತೆ. ಅವರೂ ಅದನ್ನೇ ಹೇಳುತ್ತಾರೆ.)

ಮಾರನೆಯ ದಿನ ಪಟ್ಟಿ ಬಿಚ್ಚಿದರು. ಅವ್ವ ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು, ಅಕ್ಕನಿಗೆ “ಎಷ್ಟು ಸೊರಗೀಯವ್ವಾ” ಅಂದಳು. ಭಾವ ಬಾಗಿಲ ಹತ್ತಿರವೇ ನಿಂತಿದ್ದರು. ಅವರಿಗೆ ಸುಳ್ಳು ಅರಗುವುದಿಲ್ಲವಲ್ಲ, ತಡೆಯಲಾಗಲಿಲ್ಲ.

“ಅತ್ತಿ, ತಪ್ಪಾತು. ನಿನ್ನಿ ದೀಪ ಹತ್ತಿತ್ತು. ನಾ ಇಲ್ಲ ಅಂದೆ.”

“ಗೊತ್ತು” ಅಂದಳು ಅವ್ವ. “ತೆಳ್ಳನ ಟವೆಲ್ಲು ಅದು. ಒಳಗ ಹಳದಿ ಕಾಣತಿತ್ತು.”

“ಮತ್ತ ಯಾಕ ಸುಮ್ಮನ ಕುಂತಿ ಅವ್ವಾ?” ಅಂತ ಕೇಳಿದೆ ನಾನು.

ಅವ್ವ ಹೊಸ ಕಣ್ಣಿನಿಂದ ಅಳಿಯನನ್ನೇ ನೋಡುತ್ತಿದ್ದಳು. “ಅವರು ಹತ್ತಿಲ್ಲ ಅಂದಮ್ಯಾಲ, ನಾ ಯಾಕ ಹತ್ತೇತಿ ಅನ್ನಲಿ?”

ಭಾವ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದರು. ಈ ಸಲ ಗಾಲಿ ನೋಡಲು ಅಲ್ಲ.

ಇನ್ನೊಂದು ಕಣ್ಣಿನ ಆಪರೇಷನ್ ಬಾಕಿ ಇದೆ. ಅದಕ್ಕೂ ಅಳಿಯಂದ್ರೇ ಬೇಕಂತೆ. ಹೋಗಲಿ ಬಿಡಿ, ನನ್ನ ಪುರಾಣ ಸಾಕು. ನಿಮ್ಮ ಮನೆಯಲ್ಲೂ ತಲೆ ತಿಂದು ತಿಂದು, ಒಂದು ದಿನ ಹೀಗೆ ನಿಮ್ಮ ಬಾಯಿ ಕಟ್ಟಿಸಿದವರು ಯಾರಾದರೂ ಇದ್ದೇ ಇರುತ್ತಾರೆ. ಕೆಳಗೆ ಬರೆಯಿರಿ. ಒಂದೂ ಬಿಡದೆ ಓದುತ್ತೇನೆ, ಭಾವನಿಗೂ ಓದಿ ಹೇಳುತ್ತೇನೆ.