ಅರ್ಧ ಕಿಲೋ ಬೆಕ್ಕಿನ ಮರಿ

ಕೊಟ್ಟೂರಿನ ಕರೆಂಟ್ ಆಫೀಸಿನ ಮೀಟರ್ ರೀಡರ್ ಗಾದೆಪ್ಪನಿಗೆ ಯಾರ ಮನೆಯ ಮೀಟರು ಎಷ್ಟು ಓಡಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುವ ಕಣ್ಣಿತ್ತು. ಆದರೆ ತನ್ನ ಮನೆಯ ಬೆಕ್ಕಿನ ಮರಿ ಸೊರಗಿದೆಯೋ ಮೈದುಂಬಿದೆಯೋ ಎಂದು ಹೇಳಲು ಆ ಕಣ್ಣು ಕೆಲಸಕ್ಕೆ ಬರಲಿಲ್ಲ. ಅವತ್ತು ಅವನ ಸಂಸಾರವೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

ಬೆಳಿಗ್ಗೆ ಹರಪನಹಳ್ಳಿ ಕಡೆಯ ಮೊದಲ ಬಸ್ಸಿನ ಕಂಡಕ್ಟರು ಅವನನ್ನು ಹೋಟೆಲಿನ ಮುಂದೆ ಹಿಡಿದು ನಿಲ್ಲಿಸಿ, ಹಲವಾಗಲಿನ ಅತ್ತೆ ದ್ಯಾಮಕ್ಕ ಹೇಳಿಕಳಿಸಿದ ಮಾತನ್ನು ಒಪ್ಪಿಸಿದ್ದ.

"ಮಧ್ಯಾಹ್ನದ ಬಸ್ಸಿಗೆ ಬರ್ತಾರಂತ. ನೀವು ಒಯ್ದ ಬೆಕ್ಕಿನ ಮರಿ ಹೆಂಗ ಐತಿ ನೋಡ್ತಾರಂತ. ನೋಡಿದ ಮ್ಯಾಲ, ಮಗಳನ್ನ ಈಗ ಕಳಿಸಬೇಕೊ ಐದರಾಗ ಕಳಿಸಬೇಕೊ ಹೇಳ್ತಾರಂತ."

ಗಾದೆಪ್ಪನ ಹೆಂಡತಿ ಕನಕಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹೆಣ್ಣುಕೂಸು ಹುಟ್ಟಿ ಈಗ ಮೂರನೇ ತಿಂಗಳು. ಸಮ ತಿಂಗಳಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ಪದ್ಧತಿ ಇಲ್ಲ. ಮೂರು ತಪ್ಪಿದರೆ ಐದೇ. ಕೂಸನ್ನು ತೊಟ್ಟಿಲಿಗೆ ಹಾಕಿದಾಗ ಗಾದೆಪ್ಪ ಹೋಗಿ ಒಮ್ಮೆ ನೋಡಿ ಬಂದಿದ್ದನಷ್ಟೆ. ಬರುವಾಗ ದ್ಯಾಮಕ್ಕ, "ಮನ್ಯಾಗ ಒಬ್ರ ಇರ್ತೀರಿ, ಇದನ್ನ ಸಾಕ್ರಿ" ಎಂದು ಅಂಗೈಯಗಲದ ಬೆಕ್ಕಿನ ಮರಿಯೊಂದನ್ನು ಕೈಚೀಲಕ್ಕೆ ಹಾಕಿದ್ದಳು. ಅಂದಿನಿಂದ ಆ ಮನೆಯಲ್ಲಿ ಅವನೊಂದಿಗೆ ಮಾತಾಡುವ ಪ್ರಾಣಿ ಅದೊಂದೇ. ಕನಕಮ್ಮ ಬಂದ ಮೇಲೆ ಹೆಸರಿಡೋಣವೆಂದು ಅದಕ್ಕೆ ಹೆಸರನ್ನೂ ಇಟ್ಟಿರಲಿಲ್ಲ. ತೊಟ್ಟಿಲು ಕಟ್ಟಲು ನಡುಮನೆಯ ತೊಲೆಗೆ ಕಬ್ಬಿಣದ ಕೊಂಡಿಯನ್ನು ಮಾತ್ರ ಯಾವತ್ತೋ ಹೊಡೆಸಿಟ್ಟಿದ್ದ. ಬರಿಯ ಕೊಂಡಿಯನ್ನು ನೋಡುತ್ತಾ ಮಲಗುವುದು ಅವನಿಗೆ ಸಾಕುಸಾಕಾಗಿತ್ತು.

ಅತ್ತೆಯ ಮಾತಿನ ಅರ್ಥ ಅವನಿಗೆ ತಕ್ಷಣ ಹೊಳೆಯಿತು. ಬೆಕ್ಕಿನ ಮರಿಯನ್ನೇ ಸಾಕಲಾರದವನು ಕೂಸನ್ನೇನು ಸಾಕುತ್ತಾನೆ? ಮರಿ ದುಂಡಗಿದ್ದರೆ ಹೆಂಡತಿ, ಕೂಸು ಈ ವಾರವೇ ಮನೆಗೆ. ಸೊರಗಿದ್ದರೆ ಇನ್ನೆರಡು ತಿಂಗಳು ಕೊಂಡಿಯೇ ಗತಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿಯ ಜಾಗದಲ್ಲಿ ಮೀಟರ್ ರೀಡರ್ ನಿಂತಿದ್ದ.

ಆಫೀಸಿಗೆ ಹೊಟ್ಟೆನೋವೆಂದು ಹೇಳಿಕಳಿಸಿ, ಗಾದೆಪ್ಪ ಮರಿಯನ್ನು ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿದ. ಎದುರಿನಿಂದ ನೋಡಿದರೆ ಪರವಾಗಿಲ್ಲ ಎನಿಸಿತು. ಪಕ್ಕದಿಂದ ನೋಡಿದರೆ ಎದೆ ಧಸಕ್ಕೆಂದಿತು. ಮೈಮುರಿದಾಗ ಮೊಳದುದ್ದ ಕಂಡದ್ದು, ಮುದುಡಿ ಕೂತಾಗ ಬದನೆಕಾಯಿಯಷ್ಟಾಯಿತು. ಇಂಥ ಪ್ರಾಣಿಗೆ ಲೆಕ್ಕ ಹಿಡಿಯುವುದು ಹೇಗೆ?

ಅಷ್ಟರಲ್ಲಿ ಪಕ್ಕದ ಮನೆಯ ಅಂಜಿನಕ್ಕ ಮೋಟುಗೋಡೆಯ ಮೇಲಿಂದ ಕತ್ತು ಚಾಚಿದಳು. ಓಣಿಯ ಯಾವ ಸಂಗತಿಯೂ ಆ ಗೋಡೆ ದಾಟದೆ ಮುಂದೆ ಹೋಗುತ್ತಿರಲಿಲ್ಲ. ಗಾದೆಪ್ಪ ಎಲ್ಲವನ್ನೂ ಹೇಳಿದ. ಅವಳು ಮರಿಯನ್ನು ನೋಡಿ ಲೊಚಗುಟ್ಟಿದಳು.

"ಇದೇನ್ ಬೆಕ್ಕೊ ಓತಿಕ್ಯಾತನೊ? ನನ್ನ ತವರಮನ್ಯಾಗ ಇಷ್ಟು ತಿಂಗಳಿನ ಮರಿ ಬಿಂದಿಗಿ ಇದ್ದಂಗ ಇರ್ತಿತ್ತು. ಇದನ್ನ ನೋಡಿದ್ರ ನಿಮ್ಮತ್ತಿ ಮಗಳನ್ನ ಮುಂದಿನ ದೀಪಾವಳಿಗೆ ಕಳಿಸ್ತಾಳ."

ಒಬ್ಬರ ಮಾತು ಕೇಳಿ ಹೆದರಬಾರದೆಂದು ಗಾದೆಪ್ಪ ಎದುರು ಕಟ್ಟೆಯ ಪಕ್ಕೀರಪ್ಪನ ಬಳಿಗೆ ಹೋದ. ಪಕ್ಕೀರಪ್ಪ ಜೀವಮಾನವೆಲ್ಲ ಎತ್ತಿನ ಸಂತೆಯಲ್ಲಿ ದಲ್ಲಾಳಿಯಾಗಿದ್ದು ಈಗ ಮನೆಯಲ್ಲಿ ಕೂತ ಮುದುಕ. ಜೀವ ಇರುವ ಏನನ್ನು ತೋರಿಸಿದರೂ ಬಾಯಿ ಬಿಡಿಸಿ ಹಲ್ಲು ನೋಡುವುದು ಅವನ ಅಭ್ಯಾಸ. ಮರಿಯ ಹಲ್ಲು ನೋಡಿದ, ಬಾಲ ಎತ್ತಿದ, ಹಣೆಯ ಮೇಲೆ ಸುಳಿ ಹುಡುಕಿದ. ಆಮೇಲೆ ನಾಲ್ಕು ಹೆಜ್ಜೆ ನಡೆಸಲು ಹೇಳಿದ. ಮರಿ ನಡೆಯಲಿಲ್ಲ, ಕೂತು ಕಾಲು ನೆಕ್ಕಿತು.

"ಹಿಂದಿನ ಭಾಗ ಇಳದೈತಿ. ಸಂತ್ಯಾಗ ನಿಲ್ಲಿಸಿದ್ರ ಯಾರೂ ಕೈಮ್ಯಾಲ ಟವೆಲ್ ಹಾಕಿ ರೇಟು ಕೇಳಂಗಿಲ್ಲ" ಎಂದು ತೀರ್ಪು ಕೊಟ್ಟ.

ಇದನ್ನು ಮಾರುವುದಿಲ್ಲ, ಅತ್ತೆಗೆ ತೋರಿಸುವುದು ಎಂದು ಗಾದೆಪ್ಪ ತಿಳಿಸಿ ಹೇಳಿದ.

"ಎಲ್ಲಾ ಒಂದ" ಎಂದ ಪಕ್ಕೀರಪ್ಪ.

ಗಾದೆಪ್ಪ ಸರ್ಕಾರಿ ಲೆಕ್ಕದ ಮನುಷ್ಯ. ಬಾಯಿಮಾತಿಗಿಂತ ತೂಕವೇ ಖರೆ ಎಂದುಕೊಂಡು, ಮರಿಯನ್ನು ಬಟ್ಟೆಯ ಕೈಚೀಲದಲ್ಲಿ ಹಾಕಿಕೊಂಡು ಶೇಂಗಾ ಮಾರುಕಟ್ಟೆಗೆ ನಡೆದ. ಅಲ್ಲಿ ತೂಕ ಮಾಡುವ ಹುಲುಗಣ್ಣ ಅವನ ಜೊತೆ ಶಾಲೆ ಕಲಿತವನು. ಬೆಳಗಿನಿಂದ ಗೋಣಿಚೀಲಗಳನ್ನು ಒಂದಾದ ಮೇಲೊಂದು ತೂಗುತ್ತಾ ಮೈಯೆಲ್ಲ ಧೂಳಾಗಿದ್ದ. ಗೆಳೆಯನ ಕಷ್ಟ ಕೇಳಿದವನೇ ಕೈಚೀಲವನ್ನು ಹಾಗೆಯೇ ತಕ್ಕಡಿಗೆ ಹಾಕಿದ. ಮರಿ ಒಳಗಿನಿಂದ ಒದ್ದಾಡಿತು. ಹುಲುಗಣ್ಣ ತೂಕದ ಕಲ್ಲುಗಳನ್ನು ಇಟ್ಟು ತೆಗೆದು, ಪ್ರತಿ ತೂಕಕ್ಕೂ ಗೊಣಗುವಂತೆ ಬಾಯೊಳಗೇ ಏನೋ ಗೊಣಗಿಕೊಂಡು, ಕೊನೆಗೆ ದೊಡ್ಡ ದನಿಯಲ್ಲಿ ಕೂಗಿದ.

"ಅರ್ಧ ಕಿಲೋ."

ಸುತ್ತಲಿದ್ದ ಹಮಾಲರೆಲ್ಲ ತಿರುಗಿ ನೋಡಿದರು. ಒಬ್ಬ, ಅರ್ಧ ಕಿಲೋ ಬರೀ ಬಾಲವೇ ಇರಬೇಕಲ್ಲ ಎಂದ. ಗಾದೆಪ್ಪನಿಗೆ ನಿಜವಾಗಿಯೂ ಹೊಟ್ಟೆನೋವು ಬಂತು. ದಿನಾ ತನ್ನ ಪಾಲಿನ ಹಾಲನ್ನು ಹಂಚಿಕೊಂಡು ಕುಡಿದ ಮರಿ ಇದು. ಆ ಹಾಲೆಲ್ಲ ಎಲ್ಲಿಗೆ ಹೋಯಿತು ಎಂದು ಅವನಿಗೆ ಅಳು ಬರುವಂತಾಯಿತು.

ಅರ್ಧ ಕಿಲೋ ಎಂಬ ಸುದ್ದಿ ಅವನಿಗಿಂತ ಮೊದಲೇ ಓಣಿ ಮುಟ್ಟಿತ್ತು. ಅಂಜಿನಕ್ಕ ಸೆರಗು ಸಿಕ್ಕಿಸಿಕೊಂಡು ಮನೆಯನ್ನು ವಹಿಸಿಕೊಂಡಳು. ಬೆಕ್ಕು ಹೋದರೆ ಹೋಗಲಿ, ಮನೆಯಾದರೂ ಕಣ್ಣಿಗೆ ಕಾಣಲಿ ಎಂದು ಗುಡಿಸಿ ಸಾರಿಸಿ, ಬಚ್ಚಲೊಲೆಯ ಬೂದಿ ತೆಗೆದು ಮೂಲೆಗೆ ಗುಡ್ಡೆ ಹಾಕಿ, ತನ್ನ ಹಿತ್ತಾಳೆಯ ಕೊಡಗಳನ್ನು ತಂದು ಸಾಲಾಗಿ ಜೋಡಿಸಿದಳು. ಖಾನಾವಳಿಯ ಊಟದಲ್ಲೇ ಬದುಕಿದ್ದ ಗಾದೆಪ್ಪನ ಬರಿದಾದ ಬುಟ್ಟಿಯಲ್ಲಿ ತಾನು ಬಡಿದ ಬಿಸಿ ಜೋಳದ ರೊಟ್ಟಿಗಳನ್ನು ಒಟ್ಟಿದಳು. ಕೇಳಿದರೆ ನೀನೇ ಬಡಿದದ್ದೆಂದು ಹೇಳು ಎಂದು ಪಾಠ ಒಪ್ಪಿಸಿದಳು.

ಬೆಕ್ಕನ್ನು ಪಕ್ಕೀರಪ್ಪ ವಹಿಸಿಕೊಂಡ. ಬಡಕಲು ಎತ್ತನ್ನು ಸಂತೆಗೆ ಹೊಡೆಯುವ ಮುಂಚೆ ಮೈಗೆ ಎಣ್ಣೆ ಸವರಿದರೆ ಮಿಂಚು ಬರುತ್ತದೆ, ಮಿಂಚು ಬಂದರೆ ಮಾಂಸ ಬಂದಂತೆ ಕಾಣುತ್ತದೆ ಎಂಬುದು ಅವನ ಶಾಸ್ತ್ರ. ಅಂಗೈಯಲ್ಲಿ ಶೇಂಗಾ ಎಣ್ಣೆ ಸುರಿದುಕೊಂಡು ಮರಿಯನ್ನು ತಲೆಯಿಂದ ಬಾಲದವರೆಗೆ ತಿಕ್ಕಿದ. ಮರಿ ಸಾಬೂನಿನಂತೆ ಕೈಯಿಂದ ಜಾರಿ, ನೇರ ಬೂದಿಯ ಗುಡ್ಡೆಗೆ ಹೋಗಿ ಬಿತ್ತು. ಎದ್ದಾಗ ಜಂಗಮನಂತೆ ಮೈತುಂಬ ವಿಭೂತಿ.

ಅದನ್ನು ತೊಳೆಯದೆ ವಿಧಿ ಇರಲಿಲ್ಲ. ಸೀಗೆಪುಡಿ ಹಾಕಿ ಬೆಚ್ಚನೆ ನೀರು ಸುರಿದಾಗ ನಡೆದದ್ದು ಇನ್ನೂ ಕೆಟ್ಟದ್ದು. ರೋಮವೆಲ್ಲ ಮೈಗಂಟಿ, ಇದ್ದ ಅರ್ಧ ಕಿಲೋದಲ್ಲಿ ಮತ್ತರ್ಧ ಹೋದಂತಾಗಿ, ಎರಡು ಕಣ್ಣು ಒಂದು ಬಾಲ ಮಾತ್ರ ಉಳಿದಂತೆ ಕಂಡಿತು. ಗಾದೆಪ್ಪ ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತ. ಅವನ ಹಿಡಿತ ಸಡಿಲಾದ ಕೂಡಲೇ ಮರಿ ಮೋಟುಗೋಡೆ ಹಾರಿ ಅಂಜಿನಕ್ಕನ ಮನೆಗೆ ನುಗ್ಗಿತು.

ಮೂವರೂ ಹಿಂದೆಯೇ ಓಡಿದರು. ಮಂಚದ ಕೆಳಗಿಲ್ಲ, ಅಟ್ಟದ ಮೇಲಿಲ್ಲ. ಬಹಳ ಹೊತ್ತು ಹುಡುಕಿದ ಮೇಲೆ ಅಡಿಗೆಮನೆಯಲ್ಲಿ ತೂಗುವ ನೆಲುವು ತಾನಾಗಿ ಅಲ್ಲಾಡುವುದು ಕಂಡಿತು. ಅದರ ಮೇಲಿನ ಬೆಣ್ಣೆ ಗಡಿಗೆಯೊಳಗಿಂದ ಬಾಲವೊಂದು ಮೇಲೆದ್ದಿತ್ತು. ಮಗನ ಮನೆಗೆ ಒಯ್ಯಬೇಕೆಂದು ಅಂಜಿನಕ್ಕ ಕೂಡಿಟ್ಟ ಬೆಣ್ಣೆ ಅದು. ಅವಳ ಬಾಯಿಗೆ ಬಂದ ಬೈಗುಳ ಗಾದೆಪ್ಪನ ಮುಖ ನೋಡಿ ಒಳಗೇ ನಿಂತಿತು.

"ತಿನ್ಲಿ ಬಿಡು. ಕೂಸಿನ ಮುಖ ನೋಡಿ ಸುಮ್ನಾಗೀನಿ" ಎಂದಳು.

ಗಡಿಗೆ ಬರಿದಾದ ಮೇಲೆ ಮರಿ ತಾನಾಗಿಯೇ ಇಳಿದು, ಗಾದೆಪ್ಪನ ಅಂಗಳದ ಬಿಸಿಲಲ್ಲಿ ಮಲಗಿ ಮೈ ನೆಕ್ಕಿಕೊಂಡಿತು. ಬಿಸಿಲೇರಿದಂತೆ ರೋಮ ಒಂದೊಂದೇ ಎದ್ದು ನಿಂತಿತು. ಸೀಗೆಪುಡಿಯ ಹೊಳಪು, ಒಳಗೆ ಬೆಣ್ಣೆ. ಮಧ್ಯಾಹ್ನದ ಹೊತ್ತಿಗೆ ಹತ್ತಿಯ ಮೂಟೆಯಂಥ ಬೆಕ್ಕೊಂದು ಅಲ್ಲಿ ಉರುಳಿಕೊಂಡಿತ್ತು. ಪಕ್ಕೀರಪ್ಪ ಮೀಸೆ ತಿರುವಿದ. ಇನ್ನು ನೀವಿಬ್ಬರೂ ಅತ್ತೆಯ ಮುಂದೆ ನನ್ನ ಪರವಾಗಿ ನಾಲ್ಕು ಒಳ್ಳೆಯ ಮಾತಾಡಬೇಕು ಎಂದು ಗಾದೆಪ್ಪ ಕೈಮುಗಿದು ಕೇಳಿಕೊಂಡ.

ದ್ಯಾಮಕ್ಕ ಬಂದಳು. ಕಾಲು ತೊಳೆದು, ನೀರು ಕುಡಿದು, ತಂದ ಚೀಲವನ್ನು ಗೋಡೆಗೆ ಒರಗಿಸಿ, ಮರಿಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಎರಡು ಕೈಯಿಂದ ಪಕ್ಕೆ ಸವರಿದಳು. ಮೇಲಿನಿಂದ ಬಗ್ಗಿ ನೋಡಿದಳು. ಗಾದೆಪ್ಪ ತೊಲೆಯ ಕೊಂಡಿಯನ್ನೇ ನೋಡುತ್ತಿದ್ದ.

"ಎಲುಬು ಕೈಗೆ ಸಿಗತಾವ, ಕಣ್ಣಿಗೆ ಕಾಣಂಗಿಲ್ಲ. ಹಿಂಗ ಇರಬೇಕು. ಚೆಂದ ಸಾಕೀರಿ ಅಳಿಯಂದ್ರ."

ಗಾದೆಪ್ಪನ ಎದೆಯೊಳಗೆ ಬ್ಯಾಂಡು ಬಾರಿಸಿದಂತಾಯಿತು. ಕಾದಿದ್ದ ಸಾಕ್ಷಿಗಳು ಮುಂದೆ ಬಂದರು. ಬೆಕ್ಕು ಉಣ್ಣದೆ ಗಾದೆಪ್ಪ ಉಣ್ಣುವವನಲ್ಲ ಎಂದಳು ಅಂಜಿನಕ್ಕ. ನಸುಕಿಗೇ ಎದ್ದು ಗುಡಿಸಿ ಸಾರಿಸಿ ನೀರು ತುಂಬುತ್ತಾನೆ, ಇಂಥ ರೊಟ್ಟಿ ಓಣಿಯ ಹೆಂಗಸರಿಗೂ ಬರುವುದಿಲ್ಲ ಎಂದು ಬುಟ್ಟಿಯನ್ನೇ ಮುಂದಿಟ್ಟಳು. ಹೆಂಡತಿ ಇಲ್ಲದಿದ್ದರೂ ಇಷ್ಟು ಗೆಲುವಾಗಿರುವ ಗಂಡಸನ್ನು ತಾನು ನೋಡಿಲ್ಲವೆಂದು ಪಕ್ಕೀರಪ್ಪ ಸೇರಿಸಿದ. ಗಾದೆಪ್ಪನೂ ಸುಮ್ಮನಿರಲಾರದೆ, ಮನೆಯ ಕೆಲಸ ತನಗೊಂದು ಲೆಕ್ಕವೇ ಅಲ್ಲ ಎಂದುಬಿಟ್ಟ.

ದ್ಯಾಮಕ್ಕ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ತಲೆದೂಗಿದಳು.

"ನನಗ ಈಗ ಜೀವಕ್ಕ ಹಗುರಾತು ನೋಡ್ರಿ. ಗಂಡಸ್ರನ್ನ ಹೆಂಗದೀರಿ ಅಂತ ಕೇಳಿದ್ರ ಚೆಂದಾಗದೀನಿ ಅಂತಾರ. ಬೆಕ್ಕು ಸುಳ್ಳು ಹೇಳಂಗಿಲ್ಲ. ಅದಕ್ಕ ಕೊಟ್ಟು ಕಳಿಸಿದ್ದೆ. ಇದು ಸೊರಗಿದ್ರ, ಅಳಿಯ ತಾನೂ ಉಣ್ಣವಲ್ಲ, ಬೆಕ್ಕಿಗೂ ಹಾಕವಲ್ಲ, ಪಾಪ, ಒಬ್ಬನ ಕೈಲಾಗವಲ್ದು ಅಂತ ನಾಳೀನ ಕನಕನ್ನ ಕಳಿಸ್ತಿದ್ದೆ. ಆಕಿ ಅಂತೂ ಟ್ರಂಕ್ ಕಟ್ಟಿಟ್ಟು ಕುಂತಾಳ. ನೀವು ನೋಡಿದ್ರ ನನಗಿಂತ ಚೆಂದ ಸಂಸಾರ ನಡಸೀರಿ. ಇನ್ನೇನ್ ಅವಸರ? ಎಳೇ ಬಾಣಂತಿ, ಐದರಾಗ ಕಳಿಸ್ತೀನಿ."

ಗಾದೆಪ್ಪನ ಕಿವಿಗೆ ಟ್ರಂಕ್ ಎಂಬುದೊಂದೇ ಮಾತು ಉಳಿಯಿತು. ಕನಕಮ್ಮ ಟ್ರಂಕ್ ಕಟ್ಟಿಟ್ಟು ಕೂತಿದ್ದಾಳೆ. ಅವನು ಗಡಬಡಿಸಿ, ಆ ರೊಟ್ಟಿ ತನ್ನದಲ್ಲ, ಅಂಜಿನಕ್ಕ ಬಡಿದದ್ದು ಎಂದ. ಮಾಡಿದ್ದನ್ನು ಹೇಳಿಕೊಳ್ಳದಿರುವುದು ದೊಡ್ಡ ಗುಣ ಎಂದಳು ಅತ್ತೆ. ಕೊಡಗಳೂ ಅವಳವೇ ಎಂದ. ನೆರೆಹೊರೆಯವರೊಂದಿಗೆ ಇಷ್ಟು ಹೊಂದಿಕೊಂಡಿದ್ದೀರಲ್ಲ, ಅದೂ ಒಳ್ಳೆಯದಾಯಿತು ಎಂದಳು. ಕೊನೆಗೆ ಅವನಿಗೆ ಸರ್ಕಾರಿ ಲೆಕ್ಕ ನೆನಪಾಯಿತು.

"ಅತ್ತಿ, ಮರಿ ಸೊರಗೈತ್ರಿ. ಖರೇನ ಸೊರಗೈತಿ. ಅರ್ಧ ಕಿಲೋನ ಐತಿ. ಮಾರುಕಟ್ಟ್ಯಾಗ ತೂಕ ಮಾಡ್ಸೀನಿ. ಬೇಕಾದ್ರ ಹುಲುಗಣ್ಣನ್ನ ಕೇಳ್ರಿ."

ದ್ಯಾಮಕ್ಕನ ಕೈ ಮರಿಯ ಬೆನ್ನ ಮೇಲೆ ತಡೆಯಿತು. ಅರ್ಧ ಕಿಲೋ ಎಂಬ ಮಾತಿಗೆ ಅವಳ ಹುಬ್ಬು ಗಂಟಾಯಿತು. ಗಾದೆಪ್ಪನಿಗೆ ಹೋದ ಜೀವ ಬಂದಂತಾಯಿತು.

ಅದೇ ಹೊತ್ತಿಗೆ ಹುಲುಗಣ್ಣ ಮೈಮೇಲಿನ ಶೇಂಗಾ ಧೂಳನ್ನೂ ಕೊಡವಿಕೊಳ್ಳದೆ ಓಡೋಡಿ ಬಂದು ಬಾಗಿಲಲ್ಲಿ ನಿಂತ. ದೇವರೇ ಸಾಕ್ಷಿಯನ್ನು ಕಳಿಸಿದನೆಂದು ಗಾದೆಪ್ಪ ಅವನ ಕೈ ಹಿಡಿದು ಒಳಗೆಳೆದು, ಮರಿಯ ತೂಕವನ್ನು ಅತ್ತೆಗೆ ಹೇಳು ಎಂದ. ಹುಲುಗಣ್ಣ ಗೆಳೆಯನ ಸಂಸಾರ ಉಳಿಸಲು ಬಂದವನು. ಅತ್ತೆಗೆ ಕೈಮುಗಿದ.

"ಅದನ್ನ ಹೇಳಾಕ ಓಡಿ ಬಂದೀನಿ ಅವ್ವಾ. ತಪ್ಪೆಲ್ಲಾ ನಂದು, ಗಾದೆಪ್ಪಂದಲ್ಲ. ದಿನಾ ಗೋಣಿಚೀಲ ತೂಗಿ ತೂಗಿ, ಚೀಲದ ತೂಕ ಒಂದು ಕಿಲೋ ಕಳದು ಹೇಳೋದು ರೂಢಿ ಆಗೈತಿ. ಮರಿ ಇದ್ದಿದ್ದು ತೆಳ್ಳನ ಬಟ್ಟಿಚೀಲದಾಗ. ಅದಕ್ಕೂ ಕಳದುಬಿಟ್ಟೆ. ಮರಿ ಒಂದೂವರಿ ಕಿಲೋ ಐತ್ರಿ."

ಗಾದೆಪ್ಪ ಹಿಂದಿನಿಂದ ಕಣ್ಣು ಮಿಟುಕಿಸಿ ಮಿಟುಕಿಸಿ ಸೋತ. ಕಣ್ಣಿಗೆ ಧೂಳು ಬಿದ್ದಿರಬೇಕೆಂದು ಹುಲುಗಣ್ಣ ಟವೆಲಿನ ತುದಿಯನ್ನು ಉಂಡೆ ಮಾಡಿ ಊದಿ ಕೊಟ್ಟ. ಒಂದೂವರೆ ಕಿಲೋ ಈ ವಯಸ್ಸಿಗೆ ಹೇಳಿ ಮಾಡಿಸಿದ ತೂಕ ಎಂದು ದ್ಯಾಮಕ್ಕ ಸಮಾಧಾನದಿಂದ ಎದ್ದಳು. ಕನಕಮ್ಮ ಕಳಿಸಿದ ಶೇಂಗಾ ಹೋಳಿಗೆಯ ಗಂಟನ್ನು ಚೀಲದಿಂದ ತೆಗೆದು ಅಳಿಯನ ಕೈಗಿಟ್ಟು, ಸಂಜೆಯ ಬಸ್ಸಿಗೆ ಹೊರಟುಹೋದಳು.

ಹೊತ್ತು ಮುಳುಗುವಾಗ ಗಾದೆಪ್ಪ ಹೊಸಿಲ ಮೇಲೆ ಕೂತಿದ್ದ. ಅಂಜಿನಕ್ಕ ತನ್ನ ಕೊಡಗಳನ್ನೂ ಉಳಿದ ರೊಟ್ಟಿಗಳನ್ನೂ ಒಯ್ಯಲು ಬಂದಳು. ಮೂರನೇ ತಿಂಗಳು ಮುಗಿಯಲು ಇನ್ನೂ ಎಂಟು ಹತ್ತು ದಿನ ಇದೆಯಲ್ಲ, ನಿಮ್ಮತ್ತೆ ಮತ್ತೊಮ್ಮೆ ಬಂದು ನೋಡಿದರೆ ಮನಸ್ಸು ಬದಲಾದೀತು ಎಂದು ಸಮಾಧಾನ ಮಾಡಿದಳು. ಆ ಮಾತು ಗಾದೆಪ್ಪನಿಗೂ ಹಿಡಿಸಿತು. ಇವತ್ತಿನಿಂದಲೇ ಮರಿಗೆ ಹಾಲು ಬಂದ್ ಎಂದು ಗಟ್ಟಿ ಮನಸ್ಸು ಮಾಡಿ ಎದ್ದ. ಮರಿ ಬಂದು ಅವನ ಕಾಲಿಗೆ ಮೈ ಉಜ್ಜಿ, ಮುಖ ಎತ್ತಿ ಒಮ್ಮೆ ಕೂಗಿತು.

"ಹಂಗಾರ ಕನಕಮ್ಮ ಯಾವಾಗ ಬಂದಂಗಾತು?" ಎಂದು ಅಂಜಿನಕ್ಕ ಹೊರಗಿನಿಂದ ಕೇಳಿದಳು.

"ಈ ಬೆಕ್ಕು ಸೊರಗಿದ ಮ್ಯಾಲ" ಎಂದು ಗಾದೆಪ್ಪ, ಇದ್ದ ಹಾಲನ್ನೆಲ್ಲ ಮರಿಯ ಬಟ್ಟಲಿಗೆ ಸುರಿದ.