ಪಂಪಿಗೂ ಕೊಸರು ಹಾಕುವ ನನ್ನ ತಮ್ಮ

ದಸರಾ ಮುಗಿದ ರವಿವಾರ, ಬೆಳಗಿನ ಆರೂವರೆ. ಸ್ಥಳ: ಬ್ಯಾಡಗಿ ಸಮೀಪದ ಮೆಣಸಿನಕಾಯಿ ಹೊಲ. ಹಾಜರಿದ್ದವರು: ನಾನು, ನನ್ನ ತಮ್ಮ, ಅವನ ಹೆಂಡತಿ.

ಇಡೀ ಹಾವೇರಿ ಜಿಲ್ಲೆಯಲ್ಲಿ ನನ್ನ ತಮ್ಮನಷ್ಟು ಉದಾರಿ ಇನ್ನೊಬ್ಬನಿಲ್ಲ. ಅದೇ ಅವನಿಗಿರುವ ದೊಡ್ಡ ರೋಗ! ಜೋಳ ಅಳೆದು ಕೊಟ್ಟರೆ ಮೇಲೊಂದು ಬೊಗಸೆ ಕೊಸರು. ಅಷ್ಟಕ್ಕೇ ನಿಂತರೆ ಸರಿ. ರಾಣೆಬೆನ್ನೂರಿನ ಡಾಕ್ಟರು ಕೆಮ್ಮಿಗೆ ಎರಡು ಚಮಚ ಔಷಧಿ ಹೇಳಿದರೆ, ಈತ ಅದಕ್ಕೂ ಕೊಸರು ಸೇರಿಸಿ ಕುಡಿದು ಬಸ್ಸು ಹತ್ತಿದ. ಬ್ಯಾಡಗಿಯಲ್ಲಿ ಇಳಿಯಬೇಕಾದವನನ್ನು ಕಂಡಕ್ಟರು ಎಬ್ಬಿಸಿದ್ದು ಹಾವೇರಿ ಸ್ಟ್ಯಾಂಡಿನಲ್ಲಿ!

ಹೋದ ವರ್ಷ ಈ ರೋಗ ಹೊಲಕ್ಕೂ ಬಂತು. ಮೆಣಸಿನ ಹೂವು ಉದುರದಿರಲೆಂದು ಹೊಡೆಯುವ ಔಷಧಿ ಇದೆಯಲ್ಲ, ಅದು ವಿಚಿತ್ರ ಸ್ವಭಾವದ್ದು. ಅಳತೆಯಲ್ಲಿ ಹಾಕಿದರೆ ಹೂವು ನಿಲ್ಲುತ್ತದೆ. ಅಳತೆ ಮೀರಿದರೆ ಅದೇ ಹೂವನ್ನು ಉದುರಿಸುತ್ತದೆ. ನಮ್ಮ ಮಹಾರಾಯ ಬೆನ್ನಿಗೇರಿಸಿ ಸಿಂಪಡಿಸುವ ಪ್ರತಿ ಪಂಪಿಗೂ ಕೊಸರು ಹಾಕಿದ. ಗಿಡ ಬೋಳಾಯಿತು.

"ಅಕ್ಕಾರ, ಈ ಸಲಾನೂ ಹೂ ಉದುರಿದ್ರ ಹೊಲಾ ಲಾವಣಿ-ಗುತ್ತಿಗಿಗೆ ಕೊಡೂದ ಖರೇರಿ," ಎಂದು ಅವನ ಹೆಂಡತಿ ನನಗೆ ಫೋನು ಮಾಡಿದಳು. "ಮಂದಿ ಬಿತ್ತಿ ಬೆಳೀಲಿ, ಇವ್ರು ಬದುವಿನ ಮ್ಯಾಲ ನಿಂತು ನೋಡ್ಲಿ."

ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ಔಷಧಿಯ ಅಳತೆ ತಪ್ಪುವುದನ್ನು ಕಣ್ಣಾರೆ ನೋಡಿ ಸುಮ್ಮನಿರಲು ಸಾಧ್ಯವೇ? ಸೂಜಿ ತೆಗೆದ ಹೊಸ ಸಿರಿಂಜು ಹಿಡಿದು ಹೊಲಕ್ಕಿಳಿದೆ.

"ಏನಕ್ಕಾ, ಗಿಡಕ್ಕ ಇಂಜೆಕ್ಷನ್ ಮಾಡಾಕ ಬಂದೀಯೇನ?"

"ಗಿಡಕ್ಕಲ್ಲ, ನಿನಗ! ಕೈಗವಸು ಹಾಕ್ಕೋ. ಮೂಗು, ಬಾಯಿಗೆ ಬಟ್ಟಿ ಕಟ್ಕೋ."

"ಇಷ್ಟೆಲ್ಲಾ ಬಿಗಿದ್ರ ಗಿಡಾ ನನ್ನ ಗುರುತ ಹಿಡೀತಾವೇನ?"

"ಹೋದ ವರ್ಷ ಗುರುತ ಹಿಡದು ಏನ ಸುಖಾ ಕಂಡಾವು?"

ಬಾಟಲಿಯ ಮೇಲಿನ ಚೀಟಿ ಓದಿ, ಪಂಪಿಗೆ ಎಷ್ಟೋ ಅಷ್ಟನ್ನೇ ಸಿರಿಂಜಿನಲ್ಲಿ ಎಳೆದು ನೀರಿಗೆ ಬಿಟ್ಟೆ. ಅವನ ಕೈ ಮೆಲ್ಲಗೆ ಬಾಟಲಿಯತ್ತ ಸರಿಯಿತು.

"ಒಂದ ಹನಿ, ಅಕ್ಕಾ. ಮಂದಿಗೆಲ್ಲಾ ಕೊಸರು ಹಾಕ್ತೀನಿ, ನನ್ನ ಗಿಡಕ್ಕ ಜಿಪುಣತನ ಮಾಡ್ಲೇನ?"

"ಅರ್ಧಾ ಹನಿನೂ ಇಲ್ಲ!"

ಬಾಟಲಿಯನ್ನು ಅವನ ಹೆಂಡತಿಯ ವಶಕ್ಕೆ ಕೊಟ್ಟೆ. ಆಕೆ ಅದನ್ನು ಹಿಡಿದು ನಿಂತ ಠೀವಿ ನೋಡಬೇಕಿತ್ತು, ಸರ್ಕಾರಿ ಖಜಾನೆಗೂ ಅಂಥ ಕಾವಲಿರಲಾರದು! ಗಾಳಿಗೆ ಬೆನ್ನು ಮಾಡಿಸಿ, ಬಿಸಿಲೇರುವ ಮೊದಲೇ ಹೊಡೆಸಿ ಮುಗಿಸಿದೆ. ಪಂಪು ತೊಳೆಸಿದೆ. ಸೋಪು ಕೊಟ್ಟು ಅವನನ್ನೂ ಸ್ನಾನಕ್ಕೆ ಅಟ್ಟಿದೆ.

ಸಂಜೆ ಚಹದ ಹೊತ್ತಿಗೆ ಆಸಾಮಿ ಮನೆಯಲ್ಲಿಲ್ಲ! ಮತ್ತೆ ಔಷಧಿ ಹಿಡಿದು ಹೋದನೇ? ದಡದಡನೆ ಹೊಲಕ್ಕೆ ನಡೆದೆ. ಪಂಪೂ ಇಲ್ಲ, ಬಾಟಲಿಯೂ ಇಲ್ಲ. ಕೈಗವಸು ಹಾಕಿಕೊಂಡು, ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಬಿದ್ದ ಹೂವು ಆರಿಸುತ್ತಿದ್ದ.

"ಉದುರಾಕತ್ತಾವೇನೋ?" ಬಗ್ಗಿ ಕೇಳಿದೆ.

"ಇಲ್ಲಕ್ಕಾ, ಇವು ಮೊದಲ ಬಿದ್ದವು, ಬಾಡ್ಯಾವು. ಇವನ್ನ ತಗದ್ರ, ನಾಳೆ ಹೊಸಾವು ಬಿದ್ರ ಗೊತ್ತಾಗತೈತಿ." ಅವನು ತಲೆ ಎತ್ತಲಿಲ್ಲ. "ಹೊಲಾ ಮಂದಿ ಕೈಗೆ ಹೋದ್ರ, ನಾ ಮುಂಜಾನೆ ಎದ್ದು ಎಲ್ಲಿಗೆ ಹೋಗ್ಲಿ ಅಕ್ಕಾ?"

ಅವನ ಒಂದು ಕೈಗವಸು ಇಸಿದುಕೊಂಡು ಹಾಕಿಕೊಂಡೆ. ಸೆರಗು ಸಿಕ್ಕಿಸಿ ಪಕ್ಕದ ಸಾಲಿನಲ್ಲಿ ಕೂತೆ. ಕತ್ತಲಾಗುವುದರೊಳಗೆ ಎರಡೂ ಸಾಲಿನ ಬುಡ ಚೊಕ್ಕಟವಾಯಿತು.